ಪ್ರಮಾಣ ಅಂದ್ರ ಆಣಿ ಅಲ್ಲ

ಇಂಗ್ಲಿಷಿನಲ್ಲಿ ‘ಡಿಸ್‌ಪ್ರಪೋರ್ಷನೇಟ್’ ಅಂತ ಒಂದು ವಿಶೇಷಣ ಇದೆ. ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದೆ. ಈ ಶಬ್ದವನ್ನು ಮಾತ್ರ ಒಂದು ದಿನವೂ ಸಮಾಧಾನದಿಂದ ಕಲಿಸಲಿಲ್ಲ. ಅರ್ಥ ಹೇಳುವುದೇನೋ ಸುಲಭ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆ ಅದು ಡಿಸ್‌ಪ್ರಪೋರ್ಷನೇಟ್. ಒಂದಕ್ಕೊಂದು ಅಳತೆ ಕೂಡದ್ದು. ಈ ಶಬ್ದ ಒಂಟಿಯಾಗಿ ನಿಲ್ಲುವುದಿಲ್ಲ, ಅದರ ಬೆನ್ನಿಗೆ ‘ಟು’ ಬೇಕು, ‘ಯಾವುದಕ್ಕೆ?’ ಎಂದು ಕೇಳದೆ ಮುಂದೆ ಹೋಗಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಮೂಗು ದೊಡ್ಡದಾಗಿದ್ದರೆ ಸಾಲದು, ಮುಖಕ್ಕೆ ದೊಡ್ಡದಾಗಿರಬೇಕು. ಹುಡುಗರು ನನ್ನ ಮೂಗು ನೋಡಿ ಕಿಸಿಕಿಸಿ ನಗುತ್ತಿದ್ದರು. ನಗಲಿ ಬಿಡಿ, ಅದರಲ್ಲಿ ಅವರ ತಪ್ಪೇನೂ ಇಲ್ಲ. ನನ್ನ ಸಿಟ್ಟು ನನ್ನ ಮೂಗಿನ ತುದಿಯಲ್ಲಿಯೇ ಇರುತ್ತಿತ್ತೆಂದು ಊರಿಗೆಲ್ಲ ಗೊತ್ತಿತ್ತು.

ಈ ಶಬ್ದ ನನ್ನ ಜೀವನದಲ್ಲಿ ಕಾಲಿಟ್ಟದ್ದು ಎಪ್ಪತ್ತರ ದಶಕದಲ್ಲಿ, ನಾನು ನೌಕರಿಗೆ ಸೇರಿ ಮೂರು ವರ್ಷವೂ ಆಗಿರಲಿಲ್ಲ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ನೇಕಾರರ ಮನೆಗಳಿಗೆ ಕಂಡಿಕೆ ಸುತ್ತಿಕೊಡುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ಪುಟ್ಟ ನೂಲಿನ ಸುರುಳಿ, ಅದೇ ಕಂಡಿಕೆ. ದಿನಕ್ಕೆ ಎಷ್ಟು ಸುತ್ತಿದರೂ ಸಾಲದು, ಮಗ್ಗ ನುಂಗುತ್ತಲೇ ಇರುತ್ತದೆ. ಅವ್ವನ ಬಲಗೈ ಚರಕದ ಹಿಡಿಕೆ ತಿರುವಿ ತಿರುವಿ ದಡ್ಡುಗಟ್ಟಿತ್ತು, ಬೆರಳಿನ ಸಂದಿಗಳು ಎಳೆ ಕೊಯ್ದು ಸೀಳಿದ್ದವು. ಆ ಕೈ ನನ್ನನ್ನು ಜಮಖಂಡಿಯ ಕಾಲೇಜಿಗೆ ಕಳಿಸಿ ಬಿ.ಎ. ಮಾಡಿಸಿತು. ನಾನು ಸಾಲಿಯ ಬಾಯಿ, ಅಂದರೆ ಶಾಲೆಯ ಟೀಚರ್, ಆದ ದಿನ ಅವ್ವ ಓಣಿಯ ಎಲ್ಲಮ್ಮನ ಗುಡಿಗೆ ಹೋಗಿ ಹಣೆ ತುಂಬ ಭಂಡಾರ, ಅಂದರೆ ದೇವಿಯ ಅರಿಶಿನದ ಪುಡಿ, ಬಳಿದುಕೊಂಡು ಬಂದಿದ್ದಳು. ಊಟ ತಪ್ಪಿದರೂ ಮಂಗಳವಾರ ಎಲ್ಲಮ್ಮನ ಭಂಡಾರ ತಪ್ಪಬಾರದು, ಅಂಥವಳು.

ನಮ್ಮ ಹೆಡ್‌ಮಾಸ್ತರರಿಗೂ ನನಗೂ ಮೊದಲ ದಿನದಿಂದ ಎಣ್ಣೆ-ಸೀಗೆಕಾಯಿ. ಅವರು ಸಂಸ್ಥಾನದ ಕಾಲದಲ್ಲಿ ಮೆಟ್ರಿಕ್ ಮಾಡಿ, ಆಮೇಲೆ ಏನೇನೋ ಪರೀಕ್ಷೆ ಕಟ್ಟಿಕೊಂಡು ಮೇಲೆ ಬಂದವರು. ಆ ಕಾಲದ ಮೆಟ್ರಿಕ್ಕು ಇಂದಿನ ಎಂ.ಎ.ಗೆ ಸಮ ಎಂದು ದಿನಕ್ಕೆ ಒಮ್ಮೆಯಾದರೂ ಹೇಳದಿದ್ದರೆ ಅವರಿಗೆ ಉಂಡ ಅನ್ನ ಅರಗುತ್ತಿರಲಿಲ್ಲ. ಪ್ರಾರ್ಥನೆ ನಡೆಯುವ ಅಂಗಳದಲ್ಲಿ ಒಂದು ಕರಿಹಲಗೆ ಇತ್ತು. ಅದರ ಮೇಲೆ ದಿನಾ ಬೆಳಿಗ್ಗೆ ಅವರೇ ಸ್ವಹಸ್ತದಿಂದ ಇಂಗ್ಲಿಷಿನಲ್ಲಿ ಒಂದು ಸುವಿಚಾರ ಬರೆಯುತ್ತಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಳಗಿನ ಇಂಗ್ಲಿಷು ಮಾತ್ರ ದೇವರಿಗೇ ಪ್ರೀತಿ. ನಾನು ತರಗತಿಯಲ್ಲಿ ಕಲಿಸಿದ್ದನ್ನು ಆ ಹಲಗೆ ಅಂಗಳದಲ್ಲಿ ಅಳಿಸಿ ಹಾಕುತ್ತಿತ್ತು.

ಒಂದು ಸಲ ಅವರು ಒಬ್ಬರೇ ಇದ್ದಾಗ ಹೋಗಿ, ಸರ್, ಇವತ್ತಿನ ವಾಕ್ಯದಲ್ಲಿ ಒಂದು ಅಕ್ಷರ ತಪ್ಪಿದೆ ಎಂದು ತಗ್ಗಿದ ದನಿಯಲ್ಲೇ ಹೇಳಿದೆ. ಅವರು ತಲೆಯಾಡಿಸಿ ಕಳಿಸಿದರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳುವ ಹಾಗೆ ಹೇಳಿದರು:

“ಕಂಡಿಕಿ ಸುತ್ತಾಕಿ ಮಗಳು ನಮಗ ಇಂಗ್ಲಿಷ್ ಕಲಸಾಕ ಬಂದಾಳ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಎದ್ದು ಏನಾದರೂ ಅಂದುಬಿಡುತ್ತಿದ್ದೆ. ಆ ಮನುಷ್ಯನನ್ನು ನಾನು ಅವತ್ತಿನಿಂದ ದ್ವೇಷಿಸಿದೆ. ದ್ವೇಷ ಎಂಬುದಕ್ಕೆ ಬೇರೆ ಸಭ್ಯ ರೂಪ ಹುಡುಕುವ ಗೊಡವೆ ನನಗೆ ಬೇಡ.

ಇದಾಗಿ ಹದಿನೈದು ದಿನಕ್ಕೆ ಅವರು ಹಲಗೆಯ ಮೇಲೆ ‘ಆನೆಸ್ಟಿ ಈಸ್ ದಿ ಬೆಸ್ಟ್ ಪೊಲೀಸ್’ ಎಂದು ಬರೆದರು. ಪ್ರಾಮಾಣಿಕತೆಯೇ ಒಳ್ಳೆಯ ಪಾಲಿಸಿ ಎಂದು ಬರೆಯಬೇಕಾದದ್ದು. ಪಾಲಿಸಿ ಹೋಗಿ ಪೊಲೀಸ್ ಬಂದು ನಿಂತಿದ್ದ. ಅಂಗಳದಲ್ಲಿ ಯಾರೂ ಇರಲಿಲ್ಲ. ನನ್ನ ಕೈಯಲ್ಲಿ ಕೆಂಪು ಸೀಮೆಸುಣ್ಣ ಇತ್ತು. ಪೊಲೀಸನಿಗೆ ಒಂದು ಸುತ್ತು ಹಾಕಿದೆ. ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಕೆಳಗೆ ಅಡ್ಡಗೆರೆ ಎಳೆದು ಹತ್ತಕ್ಕೆ ಮೂರು ಅಂತ ಮಾರ್ಕು ಕೊಟ್ಟೆ. ಆ ಮೂರು ಮಾರ್ಕೂ ಅಕ್ಷರ ದುಂಡಗಿದ್ದುದಕ್ಕೆ. ಪ್ರಾರ್ಥನೆಗೆ ಸಾಲು ನಿಂತ ಹುಡುಗರಲ್ಲಿ ಮೊದಲು ನಕ್ಕವರು ಚಿಮ್ಮಡದಿಂದ ಸೈಕಲ್ ಮೇಲೆ ಬರುತ್ತಿದ್ದ ದೊಡ್ಡ ಹುಡುಗರು. ಆಮೇಲೆ ಇಡೀ ಸಾಲಿ ನಕ್ಕಿತು. ಹೆಡ್‌ಮಾಸ್ತರರು ತಿರುಗಿ ಹಲಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ಎಷ್ಟು ಸುಖವಾಯಿತೆಂದರೆ, ಇಷ್ಟು ವರ್ಷದ ಮೇಲೂ ಅದನ್ನು ನೆನೆದು ನಾಚಿಕೆ ಪಡಲು ನನ್ನಿಂದ ಆಗುವುದಿಲ್ಲ.

ಎಂಟು ದಿನಕ್ಕೆ ಆಡಳಿತ ಮಂಡಳಿಯ ಕಾಗದ ಬಂತು. ಶಿಸ್ತು ಮೀರಿ ನಡೆದದ್ದಕ್ಕಾಗಿ ನಿಮ್ಮನ್ನು ಸೇವೆಯಿಂದ ತೆಗೆಯಲಾಗಿದೆ. ನೀನು ಮಾಡಿದೆಯಾ ಎಂದು ಕೂಡ ಒಬ್ಬರೂ ಕೇಳಿರಲಿಲ್ಲ.

ಕೇಳಿದವಳು ಅವ್ವ ಒಬ್ಬಳೇ. ನಾನು ಕಾಗದ ಓದಿ ಹೇಳಿದಾಗ ಅವಳ ಚರಕ ನಿಂತಿತು. “ನೀ ಬರದೀ ಏನ?” ಅಂದಳು. ಹೂಂ ಅಂದರೆ ಯಾಕೆ ಬರೆದೆ ಎಂದು ಮುಂದಿನ ಪ್ರಶ್ನೆ ಬರುತ್ತದೆ, ಕಂಡಿಕಿ ಸುತ್ತಾಕಿ ಮಗಳು ಎಂಬ ಮಾತು ಅವಳ ಕಿವಿಗೆ ಹಾಕಬೇಕಾಗುತ್ತದೆ. ಅದು ನನಗೆ ಬೇಕಿರಲಿಲ್ಲ. ಹಾಗೆಂದು ಈಗ ಹೇಳುತ್ತೇನೆ. ಆಗ ಅಷ್ಟೆಲ್ಲ ವಿಚಾರ ಮಾಡಿದೆನೋ, ಬರೀ ಬೈಗುಳಕ್ಕೆ ಅಂಜಿದೆನೋ ಯಾರಿಗೆ ಗೊತ್ತು.

“ಇಲ್ಲ ಬೇ. ನಾ ಯಾಕ ಬರೀಲಿ?” ಅಂದೆ.

ಅಷ್ಟು ಸಾಕಾಯಿತು ಅವಳಿಗೆ. ಮರುದಿನದಿಂದ ಓಣಿಯಲ್ಲಿ ಯಾರು ಕೇಳಿದರೂ, ನನ್ನ ಮಗಳು ಅಂಥಾಕಿ ಅಲ್ಲ, ಯಾರೋ ಬರೆದು ಇವಳ ಮೇಲೆ ಹಾಕ್ಯಾರ ಎಂದು ಎದೆಯೆತ್ತಿ ಹೇಳತೊಡಗಿದಳು. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಶಿಕ್ಷಣ ಇಲಾಖೆಯ ಮೇಲಿನ ಕಚೇರಿಯ ಸಾಹೇಬರಿಗೆ ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ. ಅದರಲ್ಲಿ ಎಲ್ಲ ಒಪ್ಪಿಕೊಂಡೆ. ಬರೆದದ್ದು ನಾನೇ, ಬರೆಯಬಾರದಿತ್ತು, ಆದರೆ ಒಂದು ಕೆಂಪು ಗೆರೆಗೆ ನೌಕರಿ ಕಳೆಯುವುದು ಯಾವ ನ್ಯಾಯ ಎಂದು ಕೇಳಿದೆ. ನನಗೆ ಇಂಗ್ಲಿಷಿನಲ್ಲಿ ಖರೆ ಹೇಳುವುದು ಸುಲಭವಿತ್ತು, ಕನ್ನಡದಲ್ಲಿ ಕಷ್ಟವಾಗುತ್ತಿತ್ತು. ಎರಡು ತಿಂಗಳಿಗೆ ಉತ್ತರ ಬಂತು. ಮಂಡಳಿಗೆ ಒಂದು, ನನಗೆ ಒಂದು ಪ್ರತಿ. ಇಂಗ್ಲಿಷಿನಲ್ಲಿ ಎರಡೇ ಸಾಲು: ಕೊಟ್ಟ ಶಿಕ್ಷೆ ತಪ್ಪಿಗೆ ‘ಡಿಸ್‌ಪ್ರಪೋರ್ಷನೇಟ್’ ಆಗಿದೆ, ಮರುವಿಚಾರ ಮಾಡಿ. ನಾನು ಆ ಶಬ್ದವನ್ನು ಹತ್ತು ಸಲ ಓದಿದೆ. ತಪ್ಪು ಮಾಡಿದ್ದಾಳೆ, ಆದರೆ ಸಣ್ಣದು. ಇಷ್ಟು ಸರಿಯಾಗಿ ನನ್ನನ್ನು ಅಳೆದ ಶಬ್ದ ಇನ್ನೊಂದಿಲ್ಲ.

ಮಂಡಳಿಯಲ್ಲಿ ಎಲ್ಲರೂ ನೂಲಿನ, ಸೀರೆಯ ವ್ಯಾಪಾರಸ್ಥರು. ಅಧ್ಯಕ್ಷರಂತೂ ನೂಲನ್ನು ಬೆರಳಲ್ಲಿ ಉಜ್ಜಿಯೇ ಎಳೆ ಎಷ್ಟು ಸಣ್ಣದೆಂಬ ನಂಬರು ಹೇಳುತ್ತಿದ್ದರು. ಇಂಗ್ಲಿಷ್ ಅಕ್ಷರ ಮಾತ್ರ ಅವರ ಬೆರಳಿಗೆ ಸಿಗುತ್ತಿರಲಿಲ್ಲ. ಕಾಗದವನ್ನು ಹೆಡ್‌ಮಾಸ್ತರರ ಕೈಗೆ ಕೊಟ್ಟು ಓದಿಸಿದರು. ಹೆಡ್‌ಮಾಸ್ತರರು ಡಿಕ್ಷನರಿ ತೆಗೆದರಂತೆ. ಪ್ರಪೋರ್ಷನ್ ಎಂದರೆ ಪ್ರಮಾಣ. ಡಿಸ್ ಎಂದರೆ ಇಲ್ಲ. ಅಂದಮೇಲೆ ಪ್ರಮಾಣ ಆಗಿಲ್ಲ ಅಂತ ಸಾಹೇಬರು ಬರೆದಿದ್ದಾರೆ, ಪ್ರಮಾಣ ಮಾಡಿಸದೆ ಶಿಕ್ಷೆ ಕೊಟ್ಟದ್ದು ತಪ್ಪಾಯಿತು ಎಂದು ಬಿಡಿಸಿ ಹೇಳಿದರಂತೆ. ನಮ್ಮ ಕಡೆ ಪ್ರಮಾಣ ಎಂದರೆ ಮೊದಲು ನೆನಪಾಗುವುದು ಅಳತೆ ಅಲ್ಲ, ಆಣೆ. ಕಳವಾಗಲಿ, ಹೊಲದ ಬದುವಿನ ಜಗಳವಾಗಲಿ, ಗುಡಿಗೆ ಹೋಗಿ ಭಂಡಾರ ಮುಟ್ಟಿ ಹೇಳಿದರೆ ಮುಗಿಯಿತು, ಆಮೇಲೆ ಯಾರೂ ಮರುಮಾತು ಆಡುವಂತಿಲ್ಲ. ಅಧ್ಯಕ್ಷರಿಗೆ ಈ ಅರ್ಥ ಬಹಳ ಸೇರಿತು. ಆಗಿಲ್ಲ ಅಂದರೆ ಮಾಡಿಸೋಣ, ಅದರಲ್ಲೇನು ಅಂದರಂತೆ.

ಹೆಡ್‌ಮಾಸ್ತರರು ಇದನ್ನು ಬೇಕೆಂದೇ ಮಾಡಿದರೇ ಎಂದು ಆಮೇಲೆ ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ. ಇಲ್ಲ. ಅವರ ಇಂಗ್ಲಿಷಿನ ಮೇಲೆ ನನಗೆ ಅಷ್ಟು ವಿಶ್ವಾಸ ಇತ್ತು.

ಸಾಲಿಯ ಸಿಪಾಯಿ ಮನೆಗೆ ಬಂದು ಹೇಳಿ ಹೋದ: ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಾಯಾರು ಎಲ್ಲಮ್ಮನ ಗುಡಿಗೆ ಬರಬೇಕು, ಹಲಗೆಯ ಮೇಲೆ ನಾನು ಬರೆದಿಲ್ಲ ಎಂದು ಭಂಡಾರ ಮುಟ್ಟಿ ಹೇಳಬೇಕು. ಹೇಳಿದರೆ ಬುಧವಾರದಿಂದ ನೌಕರಿ, ಬರದಿದ್ದರೆ ಮೊದಲಿನ ಹುಕುಮೇ ಕಾಯಂ. ನಾನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಮೈ ಉರಿಯಿತು. ನೀನು ತಪ್ಪು ಮಾಡಿದ್ದೀ ಎಂದು ಹೇಳುವ ಶಬ್ದ ತಂದು, ತಪ್ಪು ಮಾಡಿಲ್ಲ ಎಂದು ಆಣೆ ಹಾಕು ಅನ್ನುತ್ತಿದ್ದರು. ಅರ್ಥ ತಿದ್ದಿದರೆ ನಾನೇ ಬರೆದದ್ದೆಂದು ಒಪ್ಪಿದ ಹಾಗೆ. ತಿದ್ದದಿದ್ದರೆ ಸುಳ್ಳು ಆಣೆ. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ತಪ್ಪು ಇಂಗ್ಲಿಷಿಗೆ ನಾನು ತಲೆಬಾಗಿ ಕೈ ಚಾಚಬೇಕು. ಇದೇ ನನಗೆ ಎಲ್ಲಕ್ಕಿಂತ ಚುಚ್ಚಿದ್ದು.

ಅವ್ವನಿಗೆ ಮಾತ್ರ ದೇವರೇ ದಾರಿ ತೋರಿಸಿದ ಹಾಗಾಯಿತು. ನೀನು ಬರೆದಿಲ್ಲವಲ್ಲ, ಮುಟ್ಟಿ ಬಾ, ಅಂಜಿಕೆ ಯಾಕೆ ಎಂದು ಮೂರು ದಿನ ಹೇಳಿದಳು. ಮೂರು ದಿನವೂ ನನಗೆ ನಿಜ ಹೇಳಲು ಹೊತ್ತಿತ್ತು. ನಾನು ಬೇರೆ ಯೋಚನೆಯಲ್ಲಿದ್ದೆ. ಜಮಖಂಡಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಪ್ರೊಫೆಸರರ ಮನೆಯಲ್ಲಿ ಒಂದು ಭಾರಿ ಡಿಕ್ಷನರಿ ಇತ್ತು, ಅರ್ಥದ ಜೊತೆಗೆ ಉದಾಹರಣೆಯ ವಾಕ್ಯಗಳಿದ್ದದ್ದು. ಅದನ್ನು ತಂದು ಎಲ್ಲಮ್ಮನ ಎದುರಿಗೇ ಬಿಚ್ಚಿ ಆ ಹೆಡ್‌ಮಾಸ್ತರನ ಬಾಯಿ ಮುಚ್ಚಿಸಬೇಕು. ಮಂಗಳವಾರ ಮೊದಲ ಬಸ್ಸಿಗೆ ಹೊರಟೆ. ಗುಡಿಗೆ ಹೊತ್ತಿಗೆ ಸರಿಯಾಗಿ ಬರುತ್ತೇನೆ ಎಂದಷ್ಟೇ ಅವ್ವನಿಗೆ ಹೇಳಿದೆ.

ಡಿಕ್ಷನರಿ ಸಿಕ್ಕಿತು. ತಿರುಗಿ ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಡ್ರೈವರ್ ಬಾನೆಟ್ ಎತ್ತಿ ಬೀಡಿ ಹಚ್ಚಿದ. ನಾನು ರಸ್ತೆಯ ಬದಿಗೆ ಕಲ್ಲಿನ ಮೇಲೆ ಕೂತು, ತೊಡೆಯ ಮೇಲೆ ಡಿಕ್ಷನರಿ ಇಟ್ಟುಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ತಿದ್ದಿ ತಿದ್ದಿ ಚೂಪು ಮಾಡುತ್ತ ಹೋದೆ. ಬನಹಟ್ಟಿಗೆ ಬಂದಾಗ ಹನ್ನೊಂದೂವರೆ ದಾಟಿತ್ತು.

ಗುಡಿಯ ಕಟ್ಟೆಯ ಮೇಲೆ ಅಧ್ಯಕ್ಷರು, ಮಂಡಳಿಯ ನಾಲ್ಕು ಮಂದಿ, ಓಣಿಯ ಜನ ಇನ್ನೂ ಕೂತಿದ್ದರು. ಹೆಡ್‌ಮಾಸ್ತರರು ಕೋಟಿನ ಗುಂಡಿ ಹಾಕಿಕೊಂಡು ಏಳುತ್ತಿದ್ದರು. ಅಧ್ಯಕ್ಷರು ನನ್ನನ್ನು ಕಂಡು ನಗುತ್ತ ಕೈಯೆತ್ತಿದರು.

“ಬಾಯಾರ, ಅದೆಲ್ಲಾ ಮುಗದ ಹೋತ್ರಿ,” ಅಂದರು.

“ಮುಗಿದಿಲ್ರಿ, ಈಗ ಸುರು,” ಅಂದೆ.

ಅವರು ಇನ್ನೇನೋ ಹೇಳಲು ಬಂದರು. ನಾನು ಬಿಡಲಿಲ್ಲ. ಮುಗಿಯಿತು ಎಂದರೆ ನನ್ನನ್ನು ತೆಗೆದೇಬಿಟ್ಟರು ಎಂದು ನನ್ನ ತಲೆಯಲ್ಲಿ ತುಂಬಿತ್ತು. ಡಿಕ್ಷನರಿ ಕಟ್ಟೆಯ ಮೇಲೆ ಇಟ್ಟು ಗುರುತು ಹಾಕಿದ ಪುಟ ತೆಗೆದೆ. ಈ ಶಬ್ದಕ್ಕೆ ಪ್ರಮಾಣ ಎಂಬ ಅರ್ಥ ಇರುವುದು ನಿಜ, ಆದರೆ ಯಾವ ಪ್ರಮಾಣ ಎಂದು ತಿಳಿಯಲು ತಲೆ ಬೇಕು ಎಂದೆ. ಸೀರೆಗಿಂತ ಸೆರಗು ದೊಡ್ಡದಾದರೆ ನೀವು ಅದನ್ನು ಅಂಗಡಿಯಲ್ಲಿ ಇಡುತ್ತೀರೇನು ಎಂದು ವ್ಯಾಪಾರಸ್ಥರನ್ನು ಕೇಳಿದೆ. ಒಬ್ಬಿಬ್ಬರು ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ಗರ್ಭಗುಡಿಯ ಬಾಗಿಲಿಗೆ ಹೋಗಿ ತಟ್ಟೆಯೊಳಗಿನ ಭಂಡಾರದ ಮೇಲೆ ಕೈ ಇಟ್ಟೆ.

“ಪ್ರಮಾಣ ಅಂದ್ರ ಇಲ್ಲಿ ಆಣಿ ಅಲ್ರಿ, ಅಳತಿ. ತಪ್ಪು ಸಣ್ಣದು, ಶಿಕ್ಷಾ ದೊಡ್ಡದು ಅಂತ ಸಾಹೇಬರು ಬರದಾರ. ತಪ್ಪು ನಂದ. ಹಲಗಿ ಮ್ಯಾಲ ಬರದಾಕಿ ನಾನ. ಹತ್ತಕ್ಕ ಮೂರು ಹಾಕಿದಾಕಿನೂ ನಾನ. ಎಲ್ಲಮ್ಮನ ಮುಂದ ಹೇಳಾಕತ್ತೇನಿ.”

ಹೆಡ್‌ಮಾಸ್ತರರ ಮುಖ ನೋಡಲು ತಿರುಗಿದೆ. ಅದಕ್ಕಾಗಿಯೇ ಅಷ್ಟು ದೂರ ಹೋಗಿ ಬಂದಿದ್ದೆ. ಅವರ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗಿತ್ತು, ಅದನ್ನು ಕಣ್ಣು ತುಂಬ ನೋಡಿದೆ. ಆದರೆ ಉಳಿದವರು ಯಾರೂ ಅವರನ್ನು ನೋಡುತ್ತಿರಲಿಲ್ಲ. ನನ್ನನ್ನೂ ನೋಡುತ್ತಿರಲಿಲ್ಲ. ಎಲ್ಲರೂ ಕಂಬದ ಕಡೆ ನೋಡುತ್ತಿದ್ದರು. ಅಲ್ಲಿ ಅವ್ವ ನಿಂತಿದ್ದಳು. ಅವಳ ಬಲಗೈ ಮಣಿಕಟ್ಟಿನ ತನಕ ಹಳದಿಯಾಗಿತ್ತು.

ನಡೆದದ್ದು ಇಷ್ಟು. ಹತ್ತು ಹೊಡೆದು ಒಂದು ಗಂಟೆಯಾದರೂ ನಾನು ಬರಲಿಲ್ಲ. ತಪ್ಪು ಮಾಡಿದ್ದಕ್ಕೇ ಅಂಜಿ ಓಡಿ ಹೋಗಿದ್ದಾಳೆ ಎಂದು ಹೆಡ್‌ಮಾಸ್ತರರು ಅಂದರು. ಅವ್ವ ಅದನ್ನು ಕೇಳಿಸಿಕೊಂಡು ನಿಲ್ಲುವವಳಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿ ಭಂಡಾರದಲ್ಲಿ ಕೈ ಊರಿ, ನನ್ನ ಮಗಳು ಬರೆದಿಲ್ಲ, ಬರೆದಿದ್ದರೆ ಈ ಕೈ ನನಗೆ ಅನ್ನಕ್ಕೆ ಬಾರದಿರಲಿ ಎಂದಳು. ತಾಯಿ ಮುಟ್ಟಿದರೂ ಮಗಳು ಮುಟ್ಟಿದರೂ ಒಂದೇ ಎಂದು ಅಧ್ಯಕ್ಷರು ಒಪ್ಪಿದರು. ಬುಧವಾರದಿಂದ ನನ್ನ ನೌಕರಿ ನನಗೆ ಎಂದು ಅಲ್ಲಿಯೇ ತೀರ್ಮಾನವಾಯಿತು. ನಾನು ಬರುವುದರೊಳಗೆ ನಾನು ಗೆದ್ದಾಗಿತ್ತು. ಅಧ್ಯಕ್ಷರು ಹೇಳಲು ಬಂದದ್ದು ಇದನ್ನೇ.

ಅವ್ವ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದಳು. ಜನ ಸರಿದು ದಾರಿ ಬಿಟ್ಟರು.

ನೌಕರಿ ಹೇಗೂ ಉಳಿಯಿತು. ಅಧ್ಯಕ್ಷರು ದೊಡ್ಡ ಮನುಷ್ಯರು. ಸೆರಗಿನ ಮಾತು ತಮಗೆ ತಿಳಿಯಿತು ಎಂದರು, ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟು ಒಳಗೆ ಬರಲಿ ಅಂದರು. ಬರೆದುಕೊಟ್ಟೆ. ಅವಸರದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಹೆಡ್‌ಮಾಸ್ತರರು ಅದಕ್ಕೆ ಕೆಂಪು ಮಸಿಯಲ್ಲಿ ಸುತ್ತು ಹಾಕಿ ತಿರುಗಿ ಕಳಿಸಿದರು. ಅದೊಂದು ವಿಷಯಕ್ಕೆ ಅವರನ್ನು ಮೆಚ್ಚುತ್ತೇನೆ. ಉಳಿದಂತೆ ಅವರು ನಿವೃತ್ತರಾಗುವ ತನಕ ನಾವು ಒಂದೇ ಬಾಗಿಲಲ್ಲಿ ಎದುರಾದರೆ ಇಬ್ಬರೂ ಹಿಂದೆ ಸರಿಯುತ್ತಿದ್ದೆವು, ಗೌರವಕ್ಕಲ್ಲ. ಹಲಗೆಯ ಮೇಲೆ ಪೊಲೀಸನ ಅಣ್ಣ-ತಮ್ಮಂದಿರು ದಿನಾ ಬರುತ್ತಲೇ ಇದ್ದರು. ನಾನು ಕೈ ಕಟ್ಟಿಕೊಂಡು ಓದುತ್ತಿದ್ದೆ.

ಅವತ್ತು ಮನೆಗೆ ಹೋದಾಗ ಅವ್ವ ಬಚ್ಚಲಲ್ಲಿ ಕೂತು ಕೈ ತೊಳೆಯುತ್ತಿದ್ದಳು. ಅಂಗೈ ಸ್ವಚ್ಛವಾಗಿತ್ತು. ಬೆರಳಿನ ಸೀಳಿನಲ್ಲಿ ಹೊಕ್ಕ ಹಳದಿ ಹೋಗುತ್ತಿರಲಿಲ್ಲ. ನಾನು ಯಾಕೆ ಬರೆದೆ ಎನ್ನುವುದನ್ನು ಆಗ ಹೇಳಿದೆ. ಸ್ಟಾಫ್ ರೂಮಿನ ಬಾಗಿಲು, ಕಂಡಿಕೆಯ ಮಾತು, ಎಲ್ಲ. ನಿನಗಾಗಿ ಬರೆದದ್ದು ಎಂದೆ. ಅವಳು ಬೈಯಬೇಕಾಗಿತ್ತು, ಚರಕ ಎತ್ತಿ ಒಗೆಯಬೇಕಾಗಿತ್ತು. ಹಾಗೇನೂ ಮಾಡಲಿಲ್ಲ.

“ಕಂಡಿಕಿ ಸುತ್ತಾಕಿನ ಹೌದಲ್ಲ ನಾ. ಅದರಾಗ ಏನ ಸುಳ್ಳೈತಿ?” ಅಂದಳು. ಕೈ ಒರೆಸಿಕೊಂಡು ಮತ್ತೆ ಅಂದಳು, “ನಾ ಕೇಳಿದಾಗ ಹೂಂ ಅಂದಿದ್ರ ಸಾಕಿತ್ತು.”

ಆಮೇಲೆಯೂ ಅವಳು ಮಂಗಳವಾರ ಗುಡಿಗೆ ಹೋಗುವುದನ್ನು ಬಿಡಲಿಲ್ಲ. ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ಮೆಟ್ಟಿಲ ಕೆಳಗೆ ನಿಂತು ಕೈ ಮುಗಿದು ತಿರುಗಿ ಬರುತ್ತಿದ್ದಳು. ಪೂಜಾರಿ ಭಂಡಾರ ತಂದುಕೊಟ್ಟರೆ ಬೇಡ ಎಂದು ಕೈ ಹಿಂದೆ ಮಾಡುತ್ತಿದ್ದಳು. ಹಣೆ ಖಾಲಿ. ಗೊತ್ತಿಲ್ಲದೆ ಇಟ್ಟ ಆಣೆಗೆ ದೋಷವಿಲ್ಲ, ದೋಷ ಇದ್ದರೆ ಅದು ನನ್ನದು ಎಂದು ನಾನು ಅತ್ತು ಹೇಳಿದೆ, ಜಗಳ ತೆಗೆದು ಹೇಳಿದೆ. ಪೂಜಾರಿಯಿಂದಲೂ ಹೇಳಿಸಿದೆ. ಕೇಳಲಿಲ್ಲ. ಊಟಕ್ಕೆ ಕೂತರೆ ಮೊದಲ ತುತ್ತಿಗೆ ಮುಂಚೆ ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು, ಅವಳ ಮೇಲೆ, ಎಲ್ಲಮ್ಮನ ಮೇಲೆ, ಕೆಟ್ಟು ನಿಂತ ಆ ಬಸ್ಸಿನ ಮೇಲೆ. ಹೆಡ್‌ಮಾಸ್ತರರ ಮೇಲಿನ ದ್ವೇಷ ಇದರ ಮುಂದೆ ಹುಡುಗಾಟವಾಯಿತು.

ಹೀಗೆ ವರ್ಷಗಳು ಹೋದವು. ಊರಲ್ಲಿ ಕೈಮಗ್ಗ ಕಡಿಮೆಯಾಗಿ ಪವರ್‌ಲೂಮಿನ ಸದ್ದು ಹೆಚ್ಚಿತು. ಬೇಡವೆಂದರೂ ಅವ್ವ ಕಂಡಿಕೆ ಬಿಡಲಿಲ್ಲ, ಇನ್ನೂ ಕೈಮಗ್ಗ ಇಟ್ಟುಕೊಂಡಿದ್ದ ಒಂದೆರಡು ಮನೆಗಳಿಗೆ ಸುತ್ತುತ್ತಿದ್ದಳು. ಒಂದು ಸಂಜೆ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅವಳು ಚರಕದ ಮುಂದೆ ಇದ್ದವಳು, ನಿನ್ನೆ ಮೊನ್ನೆಯ ಮಾತು ಕೇಳುವ ಹಾಗೆ, ನಿನ್ನ ನೌಕರಿ ಉಳಿಸಿದ ಇಂಗ್ಲಿಷ್ ಶಬ್ದ ಯಾವುದು ಅಂದಳು. ಹೇಳಿದೆ. ಅದನ್ನು ಅನ್ನಲು ನೋಡಿದಳು, ಬಾಯಿ ತಿರುಗಲಿಲ್ಲ. ಹಂಗಂದ್ರೇನು ಎಂದು ಕೇಳಿದಳು. ಅಷ್ಟು ವರ್ಷ ಊರ ಮಕ್ಕಳಿಗೆಲ್ಲ ಕಲಿಸಿದ್ದೆ, ಅವಳಿಗೆ ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ.

“ತಪ್ಪು ಮೊಳದಷ್ಟು, ಶಿಕ್ಷಾ ಮಾರಿನಷ್ಟು ಅಂತ ಬೇ,” ಅಂದೆ.

ಅವಳು ಚರಕ ಎರಡು ಸುತ್ತು ತಿರುವಿದಳು.

“ಹಂಗಾರ ನಿನ್ನ ತಪ್ಪು ಮೊಳ,” ಅಂದಳು. “ನಂದು ಎಷ್ಟಂತ?”

ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಉತ್ತರ ಹೇಳಲಿಲ್ಲ. ಅವ್ವ ಹೋಗಿ ಈಗ ನಾಲ್ಕು ವರ್ಷ, ಇನ್ನೂ ಹೇಳಿಲ್ಲ.